ಬಿಸಿಲಿಗಿಟ್ಟ ಎಣ್ಣೆ

ನಿಜ್ವಾ
ನವೆಂಬರ್ 21, 1990

ಪ್ರೀತಿಯ ಮಾವನಿಗೆ,

ನಿಮ್ಮ ಕಂಪನಿಯ ವ್ಯಾನಿನವನು ಕಳೆದ ವಾರ ಆಲಿವ್ ಎಣ್ಣೆಯ ಪೆಟ್ಟಿಗೆಯನ್ನು ಮನೆಯೊಳಗೇ ತಂದಿಟ್ಟು ಹೋದ. ಒಂದು ಪೂರ್ತಿ ಪೆಟ್ಟಿಗೆ! ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನಮ್ಮ ಫೋನ್ ಇರುವುದು ಅತ್ತೆ ಕುಳಿತುಕೊಳ್ಳುವ ಕುರ್ಚಿಯ ಪಕ್ಕದಲ್ಲಿ, ನಿಮ್ಮದು ಆಫೀಸಿನಲ್ಲಿ ಹತ್ತು ಜನರ ನಡುವೆ. ನಾನು ಮಂಗಳೂರಿನಲ್ಲಿ ಓದುತ್ತಿದ್ದಾಗ ನೀವು ಅಕ್ಕನ ಮಗಳೆಂದು ನನಗೆ ಮಸ್ಕತ್‌ನಿಂದ ಕಾಗದ ಬರೆಯುತ್ತಿದ್ದಿರಿ. ಈಗ ನಡುವೆ ಇರುವುದು ಎರಡು ಗಂಟೆಯ ದಾರಿ ಎಂದು ಆ ಅಭ್ಯಾಸ ಬಿಡಬೇಕೆಂದೇನೂ ಇಲ್ಲವಲ್ಲ.

ನಿಶ್ಮಿತಾ ಈಗ ಮಗುಚಿ ಬೀಳುತ್ತಾಳೆ. ಅವಳನ್ನು ಮೀಯಿಸಲೆಂದೇ ಅತ್ತೆ ಮುಲ್ಕಿಯಿಂದ ಬಂದದ್ದು. ಗಲ್ಫಿನಿಂದ ಊರಿಗೆ ಹೋದವರು ಬಾಣಂತಿಯ ಮನೆಗೆ ಆಲಿವ್ ಎಣ್ಣೆಯ ಸಣ್ಣ ಡಬ್ಬಿ ಕೊಡುತ್ತಾರಲ್ಲ, ಹಾಗಾಗಿ ಅವರ ಪಾಲಿಗೆ ಅದು ಮಗುವಿನ ಮೈಗೆ ತಿಕ್ಕುವ ಎಣ್ಣೆ, ಔಷಧಿ ಅಂಗಡಿಯ ಸಾಮಾನು. ಇದನ್ನು ತಿನ್ನುತ್ತಾರೆ ಎಂದು ನಾನು ಹೇಳಿದ್ದಕ್ಕೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಕೆಮ್ಮಿದ್ದೇ ಕೆಮ್ಮಿದ್ದು.

"ಇದೆಂತ ಎಣ್ಣೆಯಾ, ಕಷಾಯವಾ? ಗಂಟಲು ಉರೀತದಲ್ಲ ಮಾರಾಯ್ತಿ! ನಿನ್ನ ಮಾವನಿಗೆ ಯಾರೋ ಒಳ್ಳೆ ಟೋಪಿ ಹಾಕಿದ್ದಾರೆ."

ಇವರು ಆಸ್ಪತ್ರೆಯ ಸ್ಟೋರಿನಿಂದ ಬಂದವರು ನಗುತ್ತಾ ತಾವೂ ಒಂದು ಚಮಚ ಕುಡಿದರು, ತಾವೂ ಕೆಮ್ಮಿದರು, ಆಮೇಲೆ ನಗಲಿಲ್ಲ. ಅದು ಹಾಗೆಯೇ ಇರಬೇಕಾದದ್ದೇ ಮಾವ? ಅತ್ತೆಗೆ ಹೇಳಲು ನನಗೊಂದು ಉತ್ತರ ಬೇಕು.

ನಿಮ್ಮ ಕುಸುಮ

*

ಮಸ್ಕತ್, ಅಲ್ ಖುವೈರ್
ಡಿಸೆಂಬರ್ 3, 1990

ಕುಸುಮ,

ನಿನ್ನ ಅತ್ತೆ ಕೆಮ್ಮಿದರೆಂದು ಓದಿ ನನಗೆ ಸಂತೋಷವಾಯಿತು. ಪದ್ಮಮ್ಮನವರಿಗೆ ಇದನ್ನು ಹೀಗೇ ಓದಿ ಹೇಳಬೇಡ.

ಗಂಟಲಲ್ಲಿ ಕಾಳುಮೆಣಸಿನಂತೆ ಹಿಡಿಯುವುದು ಈ ಎಣ್ಣೆಯ ಗುಣ. ಕಾಯಿ ಹಸಿರಿರುವಾಗ ಕುಯ್ದು, ತಡಮಾಡದೆ ಅರೆದು ಹಿಂಡಿದರೆ ಹಾಗಾಗುತ್ತದೆ. ಕಹಿಯೂ ಇರಬೇಕು. ಕೊಯ್ದ ಹುಲ್ಲಿನ ವಾಸನೆ ಇರಬೇಕು. ನುಂಗಿದ್ದೇ ಗೊತ್ತಾಗದಂತೆ ನಯವಾಗಿ ಇಳಿದರೆ ಅದು ಹಳತು, ಇಲ್ಲವೇ ಶುದ್ಧಿ ಮಾಡುವ ನೆಪದಲ್ಲಿ ಜೀವ ತೆಗೆದದ್ದು. ಬಣ್ಣ ನೋಡಿ ಕೊಳ್ಳುವವರಿದ್ದಾರೆ, ಬಣ್ಣ ಏನನ್ನೂ ಹೇಳುವುದಿಲ್ಲ. ಡಬ್ಬಿಯ ಮೇಲೆ 'ಪ್ಯೂರ್' ಎಂದು ದೊಡ್ಡದಾಗಿ ಬರೆದಿದ್ದರೆ ಅನುಮಾನಪಡು. 'ಲೈಟ್' ಎಂದಿದ್ದರೆ ಕೊಬ್ಬು ಕಡಿಮೆ ಎಂದಲ್ಲ, ರುಚಿ ಕಡಿಮೆ ಎಂದು. ಫ್ರಿಜ್‌ನಲ್ಲಿಟ್ಟು ಗಟ್ಟಿಯಾದರೆ ಅಸಲಿ ಎನ್ನುತ್ತಾರೆ, ಅದೂ ಸುಳ್ಳು. ಅಸಲಿಯೂ ಗಟ್ಟಿಯಾಗುತ್ತದೆ, ನಕಲಿಯೂ ಆಗಬಹುದು. ಯಾವ ವರ್ಷದ ಕುಯ್ಲು ಎಂದು ಬರೆದಿದೆಯೋ ನೋಡು, ಆಮೇಲೆ ಮೂಗನ್ನು ನಂಬು.

ಹೋದ ವರ್ಷ ಖುರುಮ್‌ನ ಹೋಟೆಲಿಗೆ ಟ್ಯುನೀಷಿಯಾದ ವ್ಯಾಪಾರಿಯೊಬ್ಬ ಬಂದಿದ್ದ. ಸಣ್ಣ ಗಾಜಿನ ಲೋಟಗಳಲ್ಲಿ ಎಣ್ಣೆ ಹಾಕಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ ಕುಡಿಯಿರಿ ಎಂದ. ಕಂಪನಿಯ ಧಣಿಯೂ ನಮಗೆಲ್ಲ ವೀಸಾ ಕೊಡುವವನೂ ಆದ ಕಫೀಲ್‌ನ ಮಗ ಹೊಸ ಕಾರಿನ ಬಗ್ಗೆ ಯಾರೊಂದಿಗೋ ಮಾತಾಡುತ್ತಿದ್ದ. ನಾನು ಕುಡಿದೆ, ಕಣ್ಣಲ್ಲಿ ನೀರು ಬಂತು. "ಇದನ್ನು ತರಿಸೋಣ" ಎಂದೆ. ಹಾಗೆ ಹೇಳಿದ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಈ ದೇಶಕ್ಕೆ ಬಂದಂದಿನಿಂದ ಹಾಲಿನ ಪುಡಿ, ಬಿಸ್ಕತ್ತು, ಟೊಮ್ಯಾಟೊ ಪೇಸ್ಟ್, ಯಾರೋ ಆರಿಸಿದ್ದನ್ನು ತರಿಸುತ್ತಾ ಬಂದವನು ನಾನು. ನಾನೇ ಬಾಯಲ್ಲಿಟ್ಟು ನೋಡಿ ಆರಿಸಿದ್ದು ಇದೊಂದೇ.

ನಿಜ್ವಾದಲ್ಲಿ ನಮ್ಮ ಊರ ಕಡೆಯ ಇಬ್ರಾಹಿಂನ ಅಂಗಡಿಗೂ ಹಾಕಿಸಿದ್ದೇನೆ. ಚಳಿಗೆ ಬಾಟಲಿಯೊಳಗೆ ಮೋಡ ಕಟ್ಟಿದಂತೆ ಕಂಡರೆ ಹೆದರಬೇಡ.

ನಿನ್ನ ಮಾಮಿ ವಸಂತಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ದೇಜಪ್ಪ ಮಾವ

*

ನಿಜ್ವಾ
ಜನವರಿ 19, 1991

ಪ್ರೀತಿಯ ಮಾವನಿಗೆ,

ಕುವೈತಿನ ಯುದ್ಧ ಶುರುವಾಗಿ ಎರಡು ದಿನವಾಯಿತು. ಇಲ್ಲಿ ಆಕಾಶ ಎಂದಿನಂತೆಯೇ ಇದೆ. ಆದರೆ ಯಾರೂ ಒಂದೆಡೆ ಕುಳಿತುಕೊಳ್ಳುತ್ತಿಲ್ಲ. ಇವರು ರೇಡಿಯೋ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆಯುತ್ತಾರೆ. ಶಾಲೆಯಲ್ಲಿ ಮಕ್ಕಳು "ಮಿಸ್, ವಿಲ್ ದ ಗ್ಯಾಸ್ ಕಮ್ ಹಿಯರ್?" ಎಂದು ಕೇಳುತ್ತವೆ. ನಾನು ಸೊನ್ನೆಯಿಂದ ಇಪ್ಪತ್ತರವರೆಗೆ ಹೇಳಿಸುತ್ತೇನೆ.

ಇಬ್ರಾಹಿಂನ ಅಂಗಡಿಯಲ್ಲಿ ಅಕ್ಕಿ ಖಾಲಿ, ಬೇಳೆ ಖಾಲಿ. ನಿಮ್ಮ ಎಣ್ಣೆಯನ್ನೂ ಜನ ಕೊಂಡರು, ಬೇರೆ ಎಣ್ಣೆ ಇರಲಿಲ್ಲವಲ್ಲ. ಆದರೆ ಈಗ ಚಳಿ ಜೋರು. ಬಾಟಲಿಗಳ ತಳದಲ್ಲಿ ಬಿಳಿ ಕಟ್ಟಿತು. ಯಾರೋ ಅದು ಹಂದಿ ಕೊಬ್ಬು ಎಂದರಂತೆ. ಪಾಪ, ಇಬ್ರಾಹಿಂ ನನ್ನನ್ನು ಕಂಡೊಡನೆ ಎದೆ ಮುಟ್ಟಿಕೊಂಡ.

"ಟೀಚರಕ್ಕಾ, ನೀವೇ ಹೇಳಿ, ಐದು ಹೊತ್ತು ನಮಾಜು ಮಾಡುವವ ನಾನು! ನಿಮ್ಮ ಮಾವ ಇಂಥದ್ದನ್ನು ನನಗೆ ಕೊಡ್ತಾರಾ?"

ಆಮೇಲೆ ಎಲ್ಲ ಪೆಟ್ಟಿಗೆಗಳನ್ನೂ ಒಡೆದು ಬಾಟಲಿಗಳನ್ನು ಅಂಗಡಿಯ ಎದುರು ಬಿಸಿಲಿಗೆ ಸಾಲಾಗಿ ನಿಲ್ಲಿಸಿದ. ಮಧ್ಯಾಹ್ನದೊಳಗೆ ತಿಳಿಯಾಯಿತು. ಅತ್ತೆಗಂತೂ ಈಗ ನಿಮ್ಮ ಎಣ್ಣೆಯ ಮೇಲೆ ಪ್ರೀತಿ ಬಂದಿದೆ. "ನೋಡು, ನಮ್ಮ ತೆಂಗಿನೆಣ್ಣೆಯ ಹಾಗೆಯೇ ಕಟ್ತದೆ. ಜಾತಿ ಎಣ್ಣೆಯೇ ಇದು" ಎಂದು ಅವರೂ ನಮ್ಮ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟಿದ್ದಾರೆ. ದಿನವೂ ಬೆಚ್ಚಗಾದ ಎಣ್ಣೆಯಲ್ಲಿ ಮಗುವಿನ ಕೈಕಾಲು ತಿಕ್ಕುತ್ತಾರೆ.

ನೀವೆಲ್ಲ ಜಾಗ್ರತೆ. ಮಾಮಿ ಕಿಟಕಿಗಳಿಗೆ ಟೇಪ್ ಅಂಟಿಸಿದ್ದಾರೆಂದು ಕೇಳಿದೆ.

ಕುಸುಮ

*

ನಿಜ್ವಾ
ಫೆಬ್ರವರಿ 5, 1991

ಮಾವ,

ನಿಶ್ಮಿತಾಳನ್ನು ಆಸ್ಪತ್ರೆಗೆ ಸೇರಿಸಿ ಇವತ್ತು ಕರೆತಂದೆವು. ಮೈಯೆಲ್ಲ ಕೆಂಪು ದದ್ದು, ವಾಂತಿ. ಅತ್ತು ಅತ್ತು ದನಿ ಹೋಗಿದೆ. ಈಜಿಪ್ಟಿನ ಡಾಕ್ಟರು, ಮೈಗೆ ಏನು ಹಚ್ಚುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವಳ ಮಾವನ ಕಂಪನಿಯ ಎಣ್ಣೆ!"

ಪಕ್ಕದ ಮಂಚದಲ್ಲಿ ನಮ್ಮ ಶಾಲೆಯ ಎಸ್ತರ್ ಟೀಚರ ತಂಗಿ ಇದ್ದಳು.

ಆ ಎಣ್ಣೆಯಲ್ಲಿ ಏನಿದೆ ಮಾವ? ಒಂದೇ ಮಾತಿನಲ್ಲಿ ಬರೆಯಿರಿ.

ಕುಸುಮ

*

ಮಸ್ಕತ್
ಫೆಬ್ರವರಿ 10, 1991

ಕುಸುಮ,

ನಿನ್ನ ಕಾಗದ ಬರುವ ಮೊದಲೇ ಸುದ್ದಿ ಬಂದಿತ್ತು. ಅದನ್ನು ತಂದವನು ನಮ್ಮ ವ್ಯಾನಿನ ಡ್ರೈವರ್.

ಒಂದು ಪುಕಾರು ಹೇಗೆ ನಡೆಯುತ್ತದೆ ಎಂದು ನೋಡುವ ಅವಕಾಶ ನನಗೆ ಈಗ ಸಿಕ್ಕಿದೆ. ನಿಜ್ವಾದಲ್ಲಿ ಅದು ಹಂದಿ ಕೊಬ್ಬು. ದಾರಿಯಲ್ಲಿ ಫಂಜಾ ದಾಟುವಾಗ ಇಂಜಿನ್ ಆಯಿಲ್ ಆಗಿತ್ತು. ಮಸ್ಕತ್ತಿನ ರುವಿ ಪೇಟೆಗೆ ಬಂದಾಗ ಕುವೈತಿನ ಗೋದಾಮಿನಿಂದ ಲೂಟಿಯಾಗಿ ಬಂದ ಮಾಲು. ನಮ್ಮ ಆಫೀಸಿನ ಮೆಟ್ಟಿಲು ಹತ್ತುವಾಗ ಹತ್ತು ವರ್ಷದ ಹಿಂದೆ ಸ್ಪೇನಿನಲ್ಲಿ ಜನರನ್ನು ಕೊಂದ ಎಣ್ಣೆ. ಸ್ಪೇನಿನ ಸಂಗತಿ ನಿಜವೇ. ಅಲ್ಲಿ ಆಲಿವ್ ಎಂದು ಬೇರೆ ಕೆಟ್ಟ ಎಣ್ಣೆ ಮಾರಿದ್ದರು. ಒಂದು ಕಡೆ ಆದ ನಿಜ ಇನ್ನೊಂದು ಕಡೆಯ ಸುಳ್ಳಿಗೆ ಮನೆ ಬಾಡಿಗೆಗೆ ಕೊಡುತ್ತದೆ. ನಾನು ಪ್ರತಿಯೊಬ್ಬರನ್ನೂ ಕೇಳಿದೆ, ನೀವು ಕಂಡಿರಾ? ಯಾರೂ ಕಂಡಿಲ್ಲ. ಭಾವನ ಗೆಳೆಯ ಕಂಡಿದ್ದಾನೆ, ಗೆಳೆಯನ ರೂಮಿನವನು ಕಂಡಿದ್ದಾನೆ. ಕಂಡವನ ಹೆಸರು ಕೇಳಿದ ಕೂಡಲೇ ಪುಕಾರು ಮನೆ ಬದಲಿಸುತ್ತದೆ.

ಪಕ್ಕದ ಮೇಜಿನ ಎಲಿಯಾಸ್ ಮಾತ್ರ ನಗುತ್ತಿದ್ದಾನೆ. "ಹಂದಿ ಕೊಬ್ಬು ಸೇರಿದ್ದು ಹೌದಾದ್ರೆ ನನಗೊಂದು ಪೆಟ್ಟಿಗೆ ಎತ್ತಿಡಿ ದೇಜಪ್ಪಣ್ಣ. ಇಲ್ಲಿ ಬೇರೆಲ್ಲೂ ಸಿಗುವುದಿಲ್ಲ."

ಕಫೀಲ್ ನಗುತ್ತಿಲ್ಲ. ರಂಜಾನಿನ ಮೊದಲು ಈ ಮಾಲು ಮುಗಿಯಬೇಕು ಎಂದ. ಮುಗಿಯದಿದ್ದರೆ ಎಂದು ನಾನು ಕೇಳಲಿಲ್ಲ. "ದೇಜಪ್ಪ, ನಿನ್ನ ವೀಸಾ ಮೇ ತಿಂಗಳಿಗೆ ಮುಗಿಯುತ್ತದೆ, ಅಲ್ಲವಾ?" ಎಂದು ಅವನೇ ಕೇಳಿದ.

ಗಿರಣಿಯ ಪ್ರಯೋಗಾಲಯದ ಪ್ರಮಾಣಪತ್ರದ ನಕಲು ಇದರೊಂದಿಗಿದೆ. ಆಮ್ಲದ ಅಂಶ, ಎಲ್ಲವೂ ಸರಿಯಾಗಿದೆ. ಇದನ್ನು ಶಾಲೆಯಲ್ಲಿ ತೋರಿಸು. ಮಗುವಿನ ದದ್ದು ಎಣ್ಣೆಯಿಂದ ಬಂದದ್ದಲ್ಲ ಎಂದು ನೀನು ಒಂದು ಮಾತು ಹೇಳಿದರೆ ಸಾಕು. ನಿನ್ನ ಮಾತಿಗಿರುವ ತೂಕ ಈ ಕಾಗದಕ್ಕೂ ಇಲ್ಲ.

ದೇಜಪ್ಪ ಮಾವ

ಮರೆತೆ: ಮಗು ಈಗ ಹೇಗಿದೆ?

*

ಮಸ್ಕತ್
ಫೆಬ್ರವರಿ 21, 1991

ಕುಸುಮ,

ನಿನ್ನ ಉತ್ತರ ಬಂದಿಲ್ಲ. ಕಾಗದಗಳು ಕಂಪನಿಯ ಪೋಸ್ಟ್ ಬಾಕ್ಸಿಗೆ ಬರುತ್ತವೆ, ದಿನವೂ ನಾನೇ ಹೋಗಿ ತೆರೆಯುತ್ತಿದ್ದೇನೆ. ಫೋನ್ ಮಾಡಿದೆ. ಪದ್ಮಮ್ಮನವರು ಎತ್ತಿ, "ಅವಳು ಮಗುವನ್ನು ಮಲಗಿಸ್ತಾ ಇದ್ದಾಳೆ" ಎಂದರು. ಇನ್ನೊಮ್ಮೆ ಮಾಡಿದಾಗಲೂ ಅದನ್ನೇ ಹೇಳಿದರು.

ಹೆದ್ದಾರಿಯ ಬದಿಯಲ್ಲಿ ಸಂಜೆ ನಡೆಯುತ್ತೇನೆ. ನಡೆಯುವವರು ಇಲ್ಲಿ ಯಾರೂ ಇಲ್ಲ, ಕಾರುಗಳವರು ತಿರುಗಿ ನೋಡುತ್ತಾರೆ. ಮನೆಯಲ್ಲಿ ಕುಳಿತರೆ ವಸಂತಿ ನನ್ನನ್ನೇ ನೋಡುತ್ತಾಳೆ. ಮಗನಿಗೆ ಮುಂದಿನ ತಿಂಗಳು ಹತ್ತನೆಯ ಪರೀಕ್ಷೆ.

ಬರೆ.

ಮಾವ

*

ನಿಜ್ವಾ
ಫೆಬ್ರವರಿ 27, 1991

ಮಾವನಿಗೆ,

ಮಗು ಈಗ ಚೆನ್ನಾಗಿದೆ. ನೀವು ಕೊನೆಯ ಸಾಲಿನಲ್ಲಿ ಕೇಳಿದ್ದಿರಿ, ಅದಕ್ಕೆ ಮೊದಲ ಸಾಲಿನಲ್ಲಿ ಉತ್ತರ.

ನೀವು ಕಳಿಸಿದ ಪ್ರಮಾಣಪತ್ರವನ್ನು ಇವರಿಂದ ಓದಿಸಿದೆ, ನಾನೂ ಓದಿದೆ. ಅದು ಸೆಪ್ಟೆಂಬರಿನದು. ಟ್ಯುನೀಷಿಯಾದಲ್ಲಿ ಒಂದು ಪೀಪಾಯಿಯಿಂದ ತೆಗೆದ ಎಣ್ಣೆಯ ಬಗ್ಗೆ ಬರೆದದ್ದು. ನನ್ನ ಅಡಿಗೆಮನೆಯಲ್ಲಿರುವ ಬಾಟಲಿಯ ಬಗ್ಗೆ ಅದರಲ್ಲಿ ಏನೂ ಇಲ್ಲ.

ಪುಕಾರಿನ ಬಗ್ಗೆ ನೀವು ಬರೆದದ್ದು ಸರಿಯಿರಬಹುದು. ಕಂಡವರು ಯಾರೂ ಇರುವುದಿಲ್ಲ ಎಂದಿರಿ. ಈ ಸಲ ಇದ್ದಾರೆ. ಕಂಡವಳು ನಾನು. ಮಗುವಿನ ಬೆನ್ನಿನ ಮೇಲೆ ಬೆರಳಿಡಲು ಜಾಗವಿಲ್ಲದಂತೆ ದದ್ದು ಎದ್ದದ್ದನ್ನು ಕಂಡವಳು. ಅದು ಎಣ್ಣೆಯಿಂದಲೋ ಅಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರು ವೈರಲ್ ಇರಬಹುದು ಎಂದರು, ಎಣ್ಣೆಯೂ ಇರಬಹುದು ಎಂದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಾನು ಸ್ಟಾಫ್‌ರೂಮಿನಲ್ಲಿ ಹೇಗೆ ಹೇಳಲಿ?

ಇವರು ಹೇಳು ಎನ್ನುತ್ತಾರೆ. "ನನ್ನ ವೀಸಾ ಮಾಡಿಸಿದವರು ಯಾರು? ಆಸ್ಪತ್ರೆಯಲ್ಲಿ ಕೆಲಸಕ್ಕೆ ಮಾತಾಡಿದವರು ಯಾರು? ಒಂದು ಮಾತು ಹೇಳಲಿಕ್ಕೆ ನಿನ್ನ ಗಂಟು ಏನು ಹೋಗ್ತದೆ?" ಅತ್ತೆ ಒಳಗಿನಿಂದಲೇ, "ಹೌದು ಭೋಜ, ವೀಸಾ ಕೊಟ್ಟವರು ವಿಷ ಕೊಟ್ರೂ ಕುಡೀಬೇಕಲ್ಲ!" ಎಂದರು. ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆ ಬಾಟಲಿಯನ್ನು ಎಸೆದಿಲ್ಲ. ಮುಚ್ಚಳದ ಸುತ್ತ ಬ್ಯಾಂಡೇಜ್ ಸುತ್ತಿ ಕಪಾಟಿನ ಮೇಲಿಟ್ಟಿದ್ದೇನೆ. ನೀವು ಬನ್ನಿ. ಹೋಟೆಲಿನಲ್ಲಿ ಲೋಟ ಹಿಡಿದು ನೋಡಿದ ಹಾಗೆ ಇದನ್ನೂ ಬಾಯಲ್ಲಿಟ್ಟು ನೋಡಿ. ಆಮೇಲೆ ನೀವು ಏನು ಹೇಳುತ್ತೀರೋ ಅದನ್ನೇ ನಾನು ಹೇಳುತ್ತೇನೆ.

ಕುಸುಮ

*

ಮಸ್ಕತ್
ಮಾರ್ಚ್ 9, 1991

ಕುಸುಮ,

ನಿನ್ನೆ ನಿನ್ನ ಮನೆಯಲ್ಲಿ ನಾನು ಸುಳ್ಳು ಹೇಳಿದೆ.

ನೀನು ಬ್ಯಾಂಡೇಜ್ ಬಿಚ್ಚಿದೆ. ಭೋಜರಾಜ ಲೋಟ ತಂದ. ಪದ್ಮಮ್ಮ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದರು. ಲೋಟವನ್ನು ಮೂಗಿನ ಹತ್ತಿರ ತರುವಾಗಲೇ ಗೊತ್ತಾಯಿತು. ಹುಲ್ಲಿನ ವಾಸನೆ ಇಲ್ಲ. ಹಳೆಯ ನೆಲಗಡಲೆ, ಮೇಣದ ಬತ್ತಿ. ನಾಲಗೆಯ ಮೇಲೆ ಅದು ಜಿಡ್ಡಾಗಿ ಕುಳಿತಿತು, ಏಳಲಿಲ್ಲ. ನಾನು ನುಂಗಿದೆ. "ಚೆನ್ನಾಗಿದೆ" ಎಂದೆ. ಭೋಜರಾಜನ ಮುಖದಲ್ಲಿ ರಕ್ತ ಮರಳಿದ್ದು ಕಂಡಿತು. ನೀನು ಲೋಟವನ್ನು ತೆಗೆದುಕೊಂಡು ಒಳಗೆ ಹೋದೆ. ಪದ್ಮಮ್ಮ ಪುಂಡಿ ಗಸಿ ಬಡಿಸಿದರು, ಎರಡು ಸಲ ಹಾಕಿಸಿಕೊಂಡೆ.

ಅಲ್ಲಿಂದ ಇಬ್ರಾಹಿಂನ ಅಂಗಡಿಗೆ ಹೋದೆ. ಬಾಟಲಿಗಳು ಇನ್ನೂ ಬಿಸಿಲಿನಲ್ಲಿ ನಿಂತಿದ್ದವು. ಚಳಿ ಹೋಗಿ ಎಷ್ಟೋ ದಿನವಾಗಿದೆ. "ಒಳಗಿಟ್ರೆ ಮತ್ತೆ ಕಟ್ತದೋ ಅಂತ ಹೆದರಿಕೆ ದೇಜಪ್ಪಣ್ಣ. ಈಗ ನೋಡಿ, ಕನ್ನಡಿಯ ಹಾಗೆ ಉಂಟು" ಎಂದ. ಅವನು ಅದನ್ನು ಹೇಳುವಾಗ ಅವನಿಗಿದ್ದ ಹೆಮ್ಮೆ ನೋಡಿ ನಾನು ಒಂದು ಬಾಟಲಿ ಕೊಂಡು ಕಾರು ಹತ್ತಿದೆ.

ಡಿಸೆಂಬರಿನಲ್ಲಿ ನನ್ನ ಅಮ್ಮ ತೆಂಗಿನೆಣ್ಣೆಯ ಕುಪ್ಪಿಯನ್ನು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ನಿನ್ನ ಅಮ್ಮನೂ ಇಟ್ಟಿದ್ದಾಳೆ. ನಮ್ಮ ಕಡೆಯ ಯಾವ ಮನೆಯಲ್ಲೂ ಅದು ತಪ್ಪಲ್ಲ. ತೆಂಗಿನೆಣ್ಣೆ ಅದನ್ನು ತಾಳುತ್ತದೆ. ಇದು ತಾಳುವುದಿಲ್ಲ. ಬೆಳಕೇ ಇದರ ಶತ್ರು. ನೀನು ಜನವರಿಯಲ್ಲೇ ಬರೆದಿದ್ದೆ, ಅಂಗಡಿಯ ಎದುರು ಸಾಲಾಗಿ ನಿಲ್ಲಿಸಿದ, ಅತ್ತೆ ಕಿಟಕಿಯಲ್ಲಿಟ್ಟರು ಎಂದು. ನಾನು ಓದಿದೆ, ನಕ್ಕೆ, ಮಡಚಿಟ್ಟೆ. ಎಣ್ಣೆಯ ಬಗ್ಗೆ ಎರಡು ಪುಟ ಉಪದೇಶ ಬರೆದವನ ಕಣ್ಣಿಗೆ ಅದು ಬೀಳಲಿಲ್ಲ. ಬಿಸಿಲಿನಲ್ಲಿ ಎಣ್ಣೆ ಇಡುವುದು ನನ್ನ ಕಣ್ಣಿಗೆ ಅಷ್ಟು ಸಹಜವಾಗಿತ್ತು.

ಆ ಎಣ್ಣೆಯಲ್ಲಿ ವಿಷ ಇಲ್ಲ. ಹಂದಿ ಇಲ್ಲ, ಇಂಜಿನ್ ಇಲ್ಲ, ಕುವೈತ್ ಇಲ್ಲ. ಆದರೆ ಅದು ಕೆಟ್ಟಿದೆ. ಕೆಟ್ಟ ಎಣ್ಣೆಯಿಂದ ಎಳೆಯ ಚರ್ಮಕ್ಕೆ ದದ್ದು ಬರುತ್ತದೋ? ನನಗೆ ಗೊತ್ತಿಲ್ಲ. ನೀನು ಒಂದೇ ಮಾತಿನಲ್ಲಿ ಬರೆಯಿರಿ ಎಂದಿದ್ದೆ. ಒಂದು ತಿಂಗಳು ತಡವಾಗಿ ಬರೆಯುತ್ತಿದ್ದೇನೆ: ಗೊತ್ತಿಲ್ಲ.

ಮಗುವಿಗೆ ಹಚ್ಚಬೇಡ. ಯಾರಿಗೂ ಏನೂ ಹೇಳಬೇಡ, ನಾನು ಕಫೀಲ್‌ನ ಹತ್ತಿರ ಮಾತಾಡುವವರೆಗೆ.

ದೇಜಪ್ಪ

*

ನಿಜ್ವಾ
ಮಾರ್ಚ್ 10, 1991

ಮಾವನಿಗೆ,

ಶುಕ್ರವಾರ ನೀವು ಲೋಟ ಎತ್ತಿದಾಗ ಎಲ್ಲರೂ ಲೋಟವನ್ನು ನೋಡುತ್ತಿದ್ದರು. ನಾನು ನಿಮ್ಮ ಗಂಟಲನ್ನು ನೋಡುತ್ತಿದ್ದೆ. ನಿಮಗೆ ಕೆಮ್ಮು ಬರಲಿಲ್ಲ.

ನಯವಾಗಿ ಇಳಿದರೆ ಜೀವ ಇಲ್ಲದ್ದು ಎಂದು ನನಗೆ ಕಲಿಸಿದವರು ನೀವೇ. ಚೆನ್ನಾಗಿದೆ ಎಂದಿರಿ. ನೀವು ಹೇಳಿದ್ದನ್ನೇ ನಾನು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಿನ್ನೆ ಸ್ಟಾಫ್‌ರೂಮಿನಲ್ಲಿ ಎಸ್ತರ್ ಟೀಚರ್ ಕೇಳಿದರು, "ಕುಸುಮ, ನಿನ್ನ ಅಂಕಲ್ ಬಂದಿದ್ರಂತೆ, ಎಂತ ಹೇಳಿದ್ರು?" ನಾನು ಹೇಳಿದೆ: "ನನ್ನ ಮಾವ ನಮ್ಮ ಬಾಟಲಿಯಿಂದಲೇ ಕುಡಿದರು. ಚೆನ್ನಾಗಿದೆ ಎಂದರು." ಇದರಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲ.

ಸಂಜೆ ಇವರು ಇಬ್ರಾಹಿಂನ ಅಂಗಡಿಯ ಮುಂದೆ ಹಾದು ಬಂದರು. ಜನ ಮತ್ತೆ ಕೊಳ್ಳುತ್ತಿದ್ದಾರಂತೆ, ರಂಜಾನಿಗೆಂದು. ಇವರಿಗೆ ತುಂಬ ಸಂತೋಷ. ನನ್ನ ತಲೆಯ ಮೇಲೆ ಕೈಯಿಟ್ಟರು.

ನಾನು ಮಗುವಿಗೆ ಹಚ್ಚುತ್ತಿಲ್ಲ. ಎಸ್ತರ್ ಟೀಚರ್ ಎರಡು ಬಾಟಲಿ ಕೊಂಡರಂತೆ.

ಕುಸುಮ

*

ಮಸ್ಕತ್
ಮಾರ್ಚ್ 28, 1991

ಕುಸುಮ,

ನಮ್ಮ ಕಾಗದಗಳು ದಾರಿಯಲ್ಲಿ ಎದುರುಬದುರು ಹಾದುಹೋಗಿರಬೇಕು. ನಿನ್ನದನ್ನು ಪೋಸ್ಟ್ ಬಾಕ್ಸಿನ ಎದುರೇ ನಿಂತು ಓದಿದೆ. ಆಮೇಲೆ ನೇರವಾಗಿ ಕಫೀಲ್‌ನ ಕೋಣೆಗೆ ಹೋದೆ. ಧೈರ್ಯದಿಂದ ಹೋದೆನೆಂದು ತಿಳಿಯಬೇಡ. ಎಸ್ತರ್ ಟೀಚರನ್ನು ನಾನು ನೋಡಿಲ್ಲ. ಆದರೆ ಅವರ ಕೈಯಲ್ಲಿದ್ದ ಎರಡು ಬಾಟಲಿಗಳು ಕಣ್ಣಿನ ಮುಂದಿನಿಂದ ಹೋಗಲಿಲ್ಲ, ಅಷ್ಟೆ.

ನಿಜ್ವಾದ ಮಾಲನ್ನು ವಾಪಸು ತರಿಸಬೇಕು ಎಂದೆ.

"ವಿಷ ಇದೆಯಾ?" ಎಂದ.

"ಇಲ್ಲ."

"ಹರಾಮ್ ಇದೆಯಾ?"

"ಇಲ್ಲ."

"ಮತ್ತೆ?"

"ಚೆನ್ನಾಗಿಲ್ಲ."

ಅವನು ನಾನು ಇಬ್ರಾಹಿಂನ ಅಂಗಡಿಯಿಂದ ತಂದಿದ್ದ ಬಾಟಲಿಯಿಂದ ಒಂದು ತಟ್ಟೆಗೆ ಸುರಿದು ಬೆರಳದ್ದಿ ವಾಸನೆ ನೋಡಿದ. ರಂಜಾನ್ ಆದ್ದರಿಂದ ನೆಕ್ಕಲಿಲ್ಲ. ಸಂಜೆ ಉಪವಾಸ ಬಿಟ್ಟ ಮೇಲೆ ನನ್ನನ್ನು ಮತ್ತೆ ಕರೆಸಿ, ನನ್ನೆದುರೇ ರೊಟ್ಟಿಗೆ ಹಚ್ಚಿ ತಿಂದ. "ನನ್ನ ಅಜ್ಜ ಇದಕ್ಕಿಂತ ಕೆಟ್ಟದ್ದನ್ನು ತಿಂದು ತೊಂಬತ್ತು ವರ್ಷ ಬದುಕಿದ. ದೇಜಪ್ಪ, ನಿನ್ನ ಸೊಸೆಯೇ ಒಳ್ಳೆಯದು ಎಂದಿದ್ದಾಳೆ. ಜನ ಕೊಳ್ಳುತ್ತಿದ್ದಾರೆ. ನಿನಗೇನು ಹುಚ್ಚೇ?" ಅವನ ಮಾತಿನಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ. ಅವಳು ಹೇಳಿದ್ದು ನನ್ನ ಮಾತನ್ನು, ನಾನು ಹೇಳಿದ್ದು ಸುಳ್ಳು ಎಂದೆ. ಅವನು ರೊಟ್ಟಿಯ ಚೂರನ್ನು ಕೆಳಗಿಟ್ಟ.

ಮರುದಿನ ವ್ಯಾನು ಕಳಿಸಿದ. ಅಲ್ಲಿ ಏನಾಯಿತೆಂದು ನಿನಗೆ ಗೊತ್ತೇ ಇದೆ. ಹಗಲು ಹೊತ್ತಿನಲ್ಲಿ ಬಾಟಲಿಗಳನ್ನು ಹೊತ್ತು ಹಾಕುವುದನ್ನು ಊರೆಲ್ಲ ನಿಂತು ನೋಡಿತು. ಅಲ್ಲಿಯವರೆಗೆ ಅರ್ಧ ನಂಬಿದ್ದವರು ಪೂರ್ತಿ ನಂಬಿದರು. ವಿಷ ಇಲ್ಲದಿದ್ದರೆ ವಾಪಸು ಏಕೆ ಒಯ್ಯುತ್ತಾರೆ? ಇಬ್ರಾಹಿಂ ಡ್ರೈವರನಿಗೆ ಹೇಳಿ ಕಳಿಸಿದ್ದಾನೆ, "ನನ್ನ ಮುಖಕ್ಕೆ ಮಸಿ ಬಳಿದ್ರಿ ದೇಜಪ್ಪಣ್ಣ." ಇಲ್ಲಿ ಮಸ್ಕತ್‌ನಲ್ಲಿ, ಬಿಸಿಲೇ ಕಾಣದ ಗೋದಾಮಿನಲ್ಲಿರುವ ಒಳ್ಳೆಯ ಎಣ್ಣೆಯೂ ನಿಂತುಹೋಯಿತು. ಅದನ್ನು ಈಗಲೂ ದಿನಕ್ಕೊಂದು ಚಮಚ ಕುಡಿಯುತ್ತೇನೆ. ಈಗಲೂ ಕೆಮ್ಮು ಬರುತ್ತದೆ.

ವೀಸಾ ಮುಂದುವರಿಸುವುದಿಲ್ಲ ಎಂದಿದ್ದಾನೆ. "ಖಲಾಸ್, ದೇಜಪ್ಪ" ಎಂದು ಕೈ ಕುಲುಕಿದ. ಎಲಿಯಾಸ್ ಮೇಜಿನ ಮೇಲೆ ಬಾಗಿ, "ನಿಮಗೆ ಸುಮ್ಮನೆ ಕೂತ್ಕೊಳ್ಳಿಕ್ಕೆ ಎಂತ ಆಗಿತ್ತು ಮಾರಾಯ್ರೆ?" ಎಂದ. ಈ ಸಲ ಅವನು ನಗುತ್ತಿರಲಿಲ್ಲ. ಮಗನ ಪರೀಕ್ಷೆ ಮುಗಿದಿದೆ, ಅದೊಂದು ಅನುಕೂಲ. ವಸಂತಿ ಪಾತ್ರೆಗಳನ್ನು ಒಂದೊಂದಾಗಿ ನೋಡಿ ಯಾರಿಗೆ ಏನು ಕೊಡಬೇಕೆಂದು ಎತ್ತಿಡುತ್ತಿದ್ದಾಳೆ.

ಎಸ್ತರ್ ಟೀಚರಿಗೆ ಹೇಳು: ಆ ಎಣ್ಣೆ ಕೆಟ್ಟದ್ದು, ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ದೇಜಪ್ಪ ಮಾವ

*

ನಿಜ್ವಾ
ಮೇ 14, 1991

ಪ್ರೀತಿಯ ಮಾವನಿಗೆ,

ಇದನ್ನು ಆಸ್ಪತ್ರೆಯ ಆ್ಯಂಬುಲೆನ್ಸ್ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ನೀವು ಹೊರಡುವ ಮೊದಲು ಸಿಗುತ್ತದೋ ಇಲ್ಲವೋ.

ನಿಶ್ಮಿತಾಳ ಮೈಮೇಲೆ ಮತ್ತೆ ದದ್ದು ಎದ್ದಿದೆ. ಅದೇ ಕೆಂಪು, ಅದೇ ವಾಂತಿ. ಫೆಬ್ರವರಿಯಿಂದ ಅವಳಿಗೆ ಎಣ್ಣೆ ಮುಟ್ಟಿಸಿಲ್ಲ, ಯಾವ ಎಣ್ಣೆಯನ್ನೂ. ಮನೆಯಲ್ಲಿ ಒಂದು ಬಾಟಲಿಯೂ ಇಲ್ಲ. ಡಾಕ್ಟರು ಈ ಸಲ ತುಂಬ ಹೊತ್ತು ಕೇಳಿದರು. ಎರಡು ಸಲವೂ ನನ್ನ ಹಾಲು ಸಾಲದೆ ಡಬ್ಬಿಯ ಹಾಲು ಹೆಚ್ಚು ಕೊಟ್ಟ ದಿನಗಳಲ್ಲೇ ಇದು ಶುರುವಾದದ್ದು ಎಂದು ಆಗ ನೆನಪಾಯಿತು. ಹಸುವಿನ ಹಾಲು ಕೆಲವು ಮಕ್ಕಳಿಗೆ ಆಗುವುದಿಲ್ಲವಂತೆ. ಹಾಲಿನಲ್ಲಿ ದೋಷವಿಲ್ಲ, ಮಗುವಿಗೆ ಒಗ್ಗುವುದಿಲ್ಲ. "ನಾಟ್ ದ ಆಯಿಲ್, ಮೇಡಂ. ಐ ಯಾಮ್ ಆಲ್ಮೋಸ್ಟ್ ಶೂರ್" ಎಂದರು. ಆಲ್ಮೋಸ್ಟ್ ಎಂದರು. ನನಗೆ ಅನುಮಾನವಿಲ್ಲ.

ಅತ್ತೆ ಮನೆಗೆ ಬಂದು ಕಾಲು ತೊಳೆದುಕೊಂಡು ಹೇಳಿದರು, "ಇದನ್ನು ನಿನ್ನ ಮಾವನಿಗೆ ಬರೀಬೇಡ ಕುಸುಮ. ಹೊರಟವರು ನೆಮ್ಮದಿಯಲ್ಲಿ ಹೋಗ್ಲಿ. ತಪ್ಪು ಎಣ್ಣೆಯದ್ದು ಅಂತ ಗ್ರಹಿಸಿಕೊಂಡಾದ್ರೂ ಇರ್ತಾರೆ." ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ, "ನಾನೇ ಅಲ್ವಾ ವಾರ್ಡಿನಲ್ಲಿ ಬೊಬ್ಬೆ ಹಾಕಿದ್ದು" ಎಂದರು. ಇವರು ರೇಡಿಯೋ ಆರಿಸಿ ಹೊರಗೆ ಹೋದರು, ಇನ್ನೂ ಬಂದಿಲ್ಲ.

ಶಾಲೆಯಲ್ಲಿ ಹೇಳಿದೆ. ಮೊದಲು ನೀವು ಹೇಳಿಕಳಿಸಿದ ಹಾಗೆ ಹೇಳಿದ್ದೆ, ಎಣ್ಣೆ ಕೆಟ್ಟಿತ್ತು, ಅಷ್ಟೇ ಎಂದು. ಅದು ಯಾರಿಗೂ ಬೇಕಾಗಿರಲಿಲ್ಲ. ಈಗ ಇದನ್ನು ಹೇಳಿದೆ, ದದ್ದು ಎಣ್ಣೆಯಿಂದಲ್ಲ, ಹಾಲಿನಿಂದ ಎಂದು. ಎಸ್ತರ್ ಟೀಚರ್ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಯ್ಯೋ ಪಾಪ, ಅಂದ್ರೆ ಆ ಎಣ್ಣೆ ಇನ್ನೂ ರಕ್ತದಲ್ಲಿ ಉಂಟು" ಎಂದರು. ಎಲ್ಲರೂ ಹೌದೆಂದರು. ನಾನು ಕ್ಲಾಸಿಗೆ ಹೋದೆ.

ನೀವು ಸುಮ್ಮನಿದ್ದಿದ್ದರೆ ಈ ಮೇ ತಿಂಗಳಲ್ಲಿ ನಿಮ್ಮ ವೀಸಾ ಮುಂದುವರಿದಿರುತ್ತಿತ್ತು. ಇಬ್ರಾಹಿಂನ ಬಾಟಲಿಗಳು ಮುಗಿದಿರುತ್ತಿದ್ದವು. ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಅಥವಾ ಹೊಟ್ಟೆ ಒಂದಿಷ್ಟು ಕೆಟ್ಟಿರುತ್ತಿತ್ತು. ಇದನ್ನು ನಿಮಗಿಂತ ಮೊದಲು ನಾನು ಯೋಚಿಸಿ ಮುಗಿಸಿದ್ದೇನೆ, ಆದ್ದರಿಂದ ನೀವು ಹೊಸದಾಗಿ ಯೋಚಿಸಬೇಕಾಗಿಲ್ಲ. ಬರೆಯುವುದೋ ಬೇಡವೋ ಎಂದು ಮೂರು ಸಲ ಲೇಖನಿ ಕೆಳಗಿಟ್ಟೆ. ಆದರೆ 'ಗೊತ್ತಿಲ್ಲ' ಎಂದು ನನಗೆ ಬರೆದವರು ನೀವೊಬ್ಬರೇ. ಬೇರೆ ಎಲ್ಲರಿಗೂ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಾದ ಮೇಲೆ ನಿಮಗೆ ಹೇಳದಿರಲು ನನಗೆ ಆಗಲಿಲ್ಲ. ಇದನ್ನು ಓದಿ ನಿಮಗೆ ಸಮಾಧಾನವಾಗುತ್ತದೋ ಹೊಟ್ಟೆ ಉರಿಯುತ್ತದೋ, ಇಲ್ಲಿ ಕುಳಿತು ನನಗೆ ತಿಳಿಯುತ್ತಿಲ್ಲ.

ಶುಕ್ರವಾರ ನಾವು ಮಸ್ಕತ್‌ಗೆ ಬರುತ್ತೇವೆ. ಅತ್ತೆಯೂ ಬರುತ್ತಾರಂತೆ. ಮಗುವನ್ನು ಎತ್ತಿಕೊಳ್ಳಿ, ಅಂಗಿ ಸರಿಸಿ ಬೆನ್ನನ್ನು ನೀವೇ ನೋಡಿ. ಔಷಧಿ ಹಾಕುತ್ತಿದ್ದೇನೆ, ದದ್ದು ಇಳಿಯುತ್ತಿದೆ. ಇವತ್ತು ಬೆಳಿಗ್ಗೆ ಅವಳ ಅಂಗಿ ಬಿಚ್ಚುವಾಗ, ಶುಕ್ರವಾರದವರೆಗೆ ಪೂರ್ತಿ ಇಳಿಯದಿರಲಿ ಎಂದು ಒಂದು ಕ್ಷಣ ಅನಿಸಿಬಿಟ್ಟಿತು.

ನಿಮ್ಮ
ಕುಸುಮ